ಹೊನೋರ್: ಹಿರಿಮೆಯೂ ಹೊರೆಯೂ

ರೋಮನ್ ಪ್ರಾಂತ್ಯಗಳ ಊರುಗಳಲ್ಲಿ, ಸ್ಪೇನಿನ ಬೇಟಿಕಾದಿಂದ ಆಫ್ರಿಕಾದ ತಿಮ್‌ಗಾದ್‌ವರೆಗೆ, ಪ್ರತಿಮೆ ಉರುಳಿಹೋಗಿ ಪೀಠಗಳಷ್ಟೇ ಉಳಿದ ಚೌಕಗಳಲ್ಲಿ ನಮ್ಮಂಥ ಪದಲೋಲುಪರನ್ನು ತಡೆದು ನಿಲ್ಲಿಸುವ ಮಾತೊಂದಿದೆ: ಹೊನೋರ್. ಇದರ ಹಳೆಯ ರೂಪ ಹೊನೋಸ್. ಎರಡು ಸ್ವರಗಳ ನಡುವಿನ ಸಕಾರ ಲ್ಯಾಟಿನ್ನಿನಲ್ಲಿ ರೇಫವಾಗುವುದರಿಂದ ವಿಭಕ್ತಿರೂಪಗಳು ಹೊನೋರೆಮ್, ಹೊನೋರೆ ಎಂದಾದವು; ಅವುಗಳ ಸಹವಾಸದಿಂದ ಪ್ರಥಮೆಯೂ ಹೊನೋರ್ ಆಯಿತು. ಅದೇ ಹೆಸರಿನ ದೇವರು ಮಾತ್ರ ಹೊನೋಸ್ ಆಗಿಯೇ ಉಳಿದ. ಗುಡಿಯ ಮಾತು ಸಂತೆಯ ಮಾತಿನಷ್ಟು ಬೇಗ ಬದಲಾಗುವುದಿಲ್ಲವಷ್ಟೆ.

ಗೌರವ ಎಂದು ಅರ್ಥ ಹಚ್ಚಿ ಮುಂದೆ ಹೋಗೋಣವೆಂದರೆ ಕಲ್ಲು ಬಿಡುವುದಿಲ್ಲ. 'ಓಮ್ನಿಬುಸ್ ಹೊನೋರಿಬುಸ್ ಫುಂಕ್ತುಸ್' ಎಂದರೆ ಊರಿನ ಅಧಿಕಾರಸ್ಥಾನಗಳನ್ನೆಲ್ಲ ನಿರ್ವಹಿಸಿದವನು. ಇಲ್ಲಿ ಹೊನೋರ್ ಹುದ್ದೆ. 'ಓಬ್ ಹೊನೋರೆಮ್' ಎಂದರೆ ಆ ಹುದ್ದೆ ದೊರೆತ ನಿಮಿತ್ತ. ಅದರ ಬೆನ್ನಿಗೇ ಆತ ಊರಿಗೆ ಹಾಕಿಸಿದ ನೆಲಗಟ್ಟೋ ನಿಲ್ಲಿಸಿದ ದೇವಪ್ರತಿಮೆಯೋ ನಡೆಸಿದ ಆಟವೋ ಬರುತ್ತದೆ. ಬೇಟಿಕಾದ ಪೀಠಗಳಲ್ಲಿ 'ಹೊನೋರೆ ಕೊಂತೆಂತುಸ್ ಇಂಪೆನ್ಸಮ್ ರೆಮಿಸಿತ್' ಎಂಬ ಸೊಗಸಾದ ಒಕ್ಕಣೆಯಿದೆ: ಊರಸಭೆ ಪ್ರತಿಮೆ ನಿಲ್ಲಿಸಲು ನಿರ್ಣಯಿಸಿತು, ಆತ ಆ ಮನ್ನಣೆಯೇ ಸಾಕೆಂದು ತೃಪ್ತನಾಗಿ ಖರ್ಚನ್ನು ತಾನೇ ಹೊತ್ತುಕೊಂಡ. ಅದೇ ನಾಡಿನ ಉರ್ಸೋ ಎಂಬ ಊರಿನ ಕಾನೂನು, ಕಂಚಿನ ಫಲಕಗಳಲ್ಲಿ ಕೊರೆದದ್ದು, ಗೌರವ ಸಲ್ಲಿಸುವ ನೆಪದಲ್ಲಿ ಸಾರ್ವಜನಿಕ ಹಣದಿಂದ ಪ್ರತಿಮೆ ನಿಲ್ಲಿಸುವುದನ್ನು ನಿಷೇಧಿಸಿತ್ತು. ಖರ್ಚನ್ನು ಆತನೇ ಹೊರುವುದು ಊರಿಗೂ ಬೇಕಿತ್ತೆಂದು ನನಗೆ ಅನುಮಾನ.

ಪ್ರಾಂತ್ಯ ಬಿಟ್ಟು ಇಟಲಿಗೇ ಬಂದರೆ ಪೊಂಪೇಯಿಯ ಇಸಿಸ್ ಗುಡಿಯ ಬಾಗಿಲ ಮೇಲಿನ ಶಾಸನವಿದೆ. ಭೂಕಂಪದಲ್ಲಿ ಕುಸಿದ ಗುಡಿಯನ್ನು ಬುನಾದಿಯಿಂದ ಕಟ್ಟಿಸಿದವನು ಪೊಪಿದಿಯುಸ್ ಕೆಲ್ಸಿನುಸ್, ವಯಸ್ಸು 6. ಮೆಚ್ಚಿದ ಊರಸಭೆಯ ಸಭಿಕರು ಅವನನ್ನು 'ಗ್ರಾತಿಸ್', ಅಂದರೆ ಪ್ರವೇಶಧನ ಕೇಳದೆ, ತಮ್ಮ ಸಾಲಿಗೆ ಸೇರಿಸಿಕೊಂಡರು. ಉಳಿದವರು ಕಟ್ಟಬೇಕಾಗಿದ್ದ ಆ ಹಣವೇ 'ಸುಮ್ಮ ಹೊನೊರಾರಿಯ'.

ಹೊನೋಸ್ ಹುಟ್ಟಿದ್ದು ಭಾರವೆಂಬ ಅರ್ಥದ 'ಓನುಸ್' ಎಂಬುದರಿಂದ ಎಂದು ರೋಮಿನ ವಿದ್ವಾಂಸ ವರ್ರೋ ಹೇಳಿದ. ಇಂದಿನ ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಓನುಸ್ಸಿನ ನಂಟು ಬಂಡಿಯೆಂಬ ಅರ್ಥದ ಸಂಸ್ಕೃತದ 'ಅನಸ್' ಶಬ್ದದೊಡನೆ. ನಮ್ಮ ಹೊರೆಯನ್ನೂ ಇದಕ್ಕೆ ಗಂಟುಹಾಕಲು ಕೈ ತುರಿಸೀತು, ಹಳಗನ್ನಡದ ಪೊಱೆ ನೆನಪಾದರೆ ಸಾಕು, ಆಸೆ ಇಳಿಯುತ್ತದೆ. ವರ್ರೋ ವ್ಯುತ್ಪತ್ತಿಯಲ್ಲಿ ಎಡವಿದರೂ ಭಾವದಲ್ಲಿ ಎಡವಿಲ್ಲ: ನಮ್ಮ ಗೌರವವೂ ಗುರುವಿನಿಂದ, ತೂಕದಿಂದ, ಬಂದದ್ದೇ ಅಲ್ಲವೆ! ಆ ಗುರುವಿಗೆ ಲ್ಯಾಟಿನ್ನಿನ 'ಗ್ರಾವಿಸ್' ದಾಯಾದಿ. ನಾಲ್ಕನೆಯ ಶತಮಾನಕ್ಕೆ ಹೊನೋರ್ ನಿಜಕ್ಕೂ ಹೆಗಲ ಭಾರವಾಯಿತು. ಸಭಿಕತನದಿಂದ ತಪ್ಪಿಸಿಕೊಂಡು ಓಡಿದವರನ್ನು ಹಿಡಿದು ತರಲು ಚಕ್ರವರ್ತಿಗಳು ಕಾನೂನಿನ ಮೇಲೆ ಕಾನೂನು ಹೊರಡಿಸಿದರು.

ಮುಂದಿನ ಪಯಣ ಇನ್ನೂ ವಿಚಿತ್ರ. ನಾರ್ಮನ್ ಇಂಗ್ಲೆಂಡಿನಲ್ಲಿ 'ಆನರ್' ಎಂದರೆ ದೊಡ್ಡ ಸರದಾರನ ಜಮೀನುಗಳ ಸಮೂಹ, ರಿಚ್ಮಂಡಿನ ಆನರ್ ಎಂಬಂತೆ. ಫ್ರೆಂಚರಿಗೆ 'ಒನೊರೇರ್' ವಕೀಲರ, ವೈದ್ಯರ ಶುಲ್ಕ. ಈ ಮಾತು ಹಣಕ್ಕೆ ಅಂಟಿಕೊಂಡದ್ದು ಮಾತ್ರ ರೋಮನ್ನರ ಕಾಲದಲ್ಲೇ: ಬಿಥೀನಿಯ ಪ್ರಾಂತ್ಯದ ಸಭಿಕರೆಲ್ಲ ಪ್ರವೇಶಧನ ಕಟ್ಟಲೇಬೇಕೇ ಎಂದು ಅಲ್ಲಿನ ರೋಮನ್ ಅಧಿಕಾರಿ ಪ್ಲಿನಿ ಬರೆದು ಕೇಳಿದಾಗ, ಆಯಾ ಊರಿನ ಕಟ್ಟಳೆಯಂತೆ ನಡೆಯಲಿ ಎಂದ ತ್ರಾಜಾನ್ ಚಕ್ರವರ್ತಿ ಆ ಹಣವನ್ನು ಕರೆದದ್ದು 'ಹೊನೊರಾರಿಯುಮ್' ಎಂದು. ಸಭಿಕ ಊರಿಗೆ ತೆರುತ್ತಿದ್ದ ಆ ಹಣದ ಹೆಸರು ಇಂಗ್ಲಿಷಿನ ದಾರಿಯಲ್ಲಿ ತಿರುವುಮುರುವಾಗಿ, ಕನ್ನಡದಲ್ಲಿ ಗೌರವಧನವೆಂಬ ವೇಷ ತೊಟ್ಟು, ಈಗ ನಮ್ಮ ಅಂಗನವಾಡಿ ಕಾರ್ಯಕರ್ತೆಯರ ಕೈಸೇರುತ್ತಿದೆ. ಈ ಗೌರವ ಸಾಕು, ಸಂಬಳ ಕೊಡಿ ಎಂದು ಅವರು ಬೆಂಗಳೂರಿನ ಬೀದಿಗಿಳಿದು ಕೇಳುತ್ತಲೇ ಇದ್ದಾರೆ.