ಗ್ಯಾಲನ್ನಿಗೆ ಎಷ್ಟು ಮೈಲಿ?

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮಾರುವವನ ಮಾತನ್ನೆಲ್ಲ ಕೇಳಿ ತಲೆದೂಗುತ್ತಾನೆ. ಆಮೇಲೆ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮೋಟಾರು ಕಾರು ಕೊಳ್ಳುವ ಸಂಸಾರಸ್ಥನಿಗೆ ಈ ಅನುಕೂಲವಿಲ್ಲ. ಕಾರು ಎಷ್ಟು ಪೆಟ್ರೋಲು ಕುಡಿಯುತ್ತದೆಂಬುದು ಅದನ್ನು ಮನೆಗೆ ತಂದು ಕೆಲವು ತಿಂಗಳು ಸಾಕಿದ ಮೇಲೆ ತಿಳಿಯತಕ್ಕ ಸಂಗತಿ. ಆದ್ದರಿಂದ ಅವನು ಅಚ್ಚಾದ ಒಂದು ಅಂಕಿಯನ್ನು ನಂಬಿ ಹಣ ಕೊಡುತ್ತಾನೆ. ತಿಂಗಳುಗಳು ಕಳೆದ ಮೇಲೆ ಪೆಟ್ರೋಲು ಬಂಕಿನ ರಸೀತಿಗಳನ್ನು ಕೂಡಿ ನೋಡಿದಾಗ, ಅಂಕಿ ಸುಳ್ಳೋ, ಕಾರು ಕೆಟ್ಟದ್ದೋ, ಇಲ್ಲವೆ ತನ್ನ ಕಾಲೇ ಭಾರವೋ ಎಂಬ ಚಿಂತೆ ಹತ್ತುತ್ತದೆ. ಮೂರೂ ಅಲ್ಲದಿರಬಹುದು. ಆ ಅಂಕಿ ಹುಟ್ಟಿದ್ದು ರಸ್ತೆಯ ಮೇಲಲ್ಲ. ಅದು ಹೇಗೆ ಹುಟ್ಟಿತು, ಯಾತಕ್ಕಾಗಿ ಹುಟ್ಟಿತು ಎಂಬುದು ತಿಳಿದರೆ ಈ ಗೊಂದಲ ಸ್ವಲ್ಪ ತಿಳಿಯಾಗುತ್ತದೆ.

ಮೊದಲು ಅಳತೆ ನಡೆಯುತ್ತಿದ್ದುದು ರಸ್ತೆಯ ಮೇಲೆಯೇ. ೧೯೩೬ರಲ್ಲಿ ಅಮೆರಿಕದ ಗಿಲ್ಮೋರ್ ಎಂಬ ಎಣ್ಣೆ ಕಂಪನಿ ಲಾಸ್ ಏಂಜಲಿಸ್‌ನಿಂದ ಯೊಸೆಮಿಟಿ ಕಣಿವೆಯವರೆಗೆ ಒಂದು ಪಂದ್ಯ ಏರ್ಪಡಿಸಿತು. ಬೇಗ ಮುಟ್ಟಿದವನಿಗಲ್ಲ ಇಲ್ಲಿ ಬಹುಮಾನ, ಕಡಿಮೆ ಪೆಟ್ರೋಲಿನಲ್ಲಿ ಮುಟ್ಟಿದವನಿಗೆ. ಮುಂದೆ ಇದು ಮೊಬಿಲ್ ಕಂಪನಿಯ ಹೆಸರಿನಲ್ಲಿ ಪ್ರಸಿದ್ಧವಾಗಿ, ಯುದ್ಧಕಾಲದ ಬಿಡುವನ್ನುಳಿದು, ೧೯೬೮ರವರೆಗೆ ನಡೆಯಿತು. ಮೋಸಕ್ಕೆ ಎಡೆಯಿರಬಾರದೆಂದು ಕಾರುಗಳನ್ನು ಅಂಗಡಿಯಿಂದಲೇ ಕೊಂಡು ತಂದು ಕಾವಲಿನಲ್ಲಿಡುತ್ತಿದ್ದರು. ಬಾನೆಟ್ಟಿಗೆ ಮೊಹರು ಹಾಕುತ್ತಿದ್ದರು. ಕಾರಿನ ಸ್ವಂತ ಟ್ಯಾಂಕನ್ನು ಕಳಚಿ, ಡಿಕ್ಕಿಯಲ್ಲಿ ಅಳತೆಯ ಬೇರೊಂದು ಟ್ಯಾಂಕನ್ನು ಕೂರಿಸುತ್ತಿದ್ದರು. ೧೯೫೭ರಿಂದ ಹೆಂಗಸರಿಗೂ ಚಾಲಕರಾಗಿ ಪ್ರವೇಶ ದೊರೆಯಿತು. ಮನೆಯ ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಬಳಸಬಲ್ಲವರನ್ನು ಅಷ್ಟು ವರ್ಷ ಹೊರಗಿಟ್ಟದ್ದೇ ಆಶ್ಚರ್ಯ.

ಇಷ್ಟೆಲ್ಲ ಕಟ್ಟುನಿಟ್ಟಿದ್ದರೂ ಆ ಅಂಕಿ ಸಂಸಾರಸ್ಥನದಾಗಿರಲಿಲ್ಲ. ಕಾರೇನೋ ಅಂಗಡಿಯದು, ಕಾಲು ಮಾತ್ರ ನಿಪುಣರದು. ಮಲಗಿದ ಮಗು ಏಳದಂತೆ ತೊಟ್ಟಿಲು ತೂಗುವ ನಯದಲ್ಲಿ ಅವರು ಆಕ್ಸಿಲರೇಟರನ್ನು ಒತ್ತುತ್ತಿದ್ದರು. ಅವರು ತೆಗೆದ ಮೈಲಿಗಳನ್ನು ಕಂಪನಿಗಳು ದೊಡ್ಡಕ್ಷರದಲ್ಲಿ ಜಾಹೀರಾತು ಮಾಡಿದವು. ಹಾಲು, ಮಕ್ಕಳು, ಮಳೆ, ಮಾರುಕಟ್ಟೆ ಇವುಗಳ ನಡುವೆ ಕಾರು ಓಡಿಸುವವನಿಗೆ ಅದು ದಕ್ಕಲಿಲ್ಲ.

ಇಷ್ಟರಲ್ಲಿ ಅದೇ ಲಾಸ್ ಏಂಜಲಿಸ್‌ನಲ್ಲಿ ಬೇರೊಂದು ಕಥೆ ನಡೆಯುತ್ತಿತ್ತು. ನಗರದ ಮೇಲೆ ಕಣ್ಣು ಉರಿಸುವ ಹೊಗೆಮಂಜು ಕವಿಯುತ್ತಿತ್ತು. ೧೯೫೦ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿಟ್ ಎಂಬ ರಸಾಯನ ಶಾಸ್ತ್ರಜ್ಞ, ಕಾರುಗಳ ಹೊಗೆಯ ಮೇಲೆ ಬಿಸಿಲು ಕೆಲಸ ಮಾಡಿದಾಗ ಓಝೋನ್ ಹುಟ್ಟುತ್ತದೆಂದೂ ಉರಿಗೆ ಅದೇ ಕಾರಣವೆಂದೂ ತೋರಿಸಿದ. ಹೊಗೆಗೆ ಕಾನೂನಿನ ಮಿತಿ ಹಾಕಬೇಕಾದರೆ ಎಲ್ಲ ಕಾರುಗಳನ್ನೂ ಒಂದೇ ರೀತಿ ಓಡಿಸಿ ಅಳೆಯಬೇಕು. ಅದಕ್ಕಾಗಿ ಆ ನಗರದ ಬೀದಿಗಳಲ್ಲೇ ಜನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಒಂದು ದಾರಿಯನ್ನು ಆರಿಸಿ, ಅದರ ವೇಗದ ಏರಿಳಿತವನ್ನು ಕ್ಷಣಕ್ಷಣಕ್ಕೆ ಬರೆದುಕೊಂಡು, ಮೊಟಕುಗೊಳಿಸಿ ಒಂದು ಪಾಠ ತಯಾರಿಸಿದರು. ಏಳೂವರೆ ಮೈಲಿ, ೧೩೭೨ ಸೆಕೆಂಡು. ಸರಾಸರಿ ವೇಗ ಗಂಟೆಗೆ ೧೯.೬ ಮೈಲಿ. ಈ ಪಾಠವನ್ನು ಕಾರು ಒಪ್ಪಿಸುವುದು ರಸ್ತೆಯಲ್ಲಲ್ಲ, ಕೊಠಡಿಯೊಳಗೆ, ದಪ್ಪ ಉರುಳೆಗಳ ಮೇಲೆ. ಚಕ್ರ ತಿರುಗುತ್ತದೆ, ಉರುಳೆ ತಿರುಗುತ್ತದೆ, ಕಾರು ನಿಂತಲ್ಲೇ ನಿಂತಿರುತ್ತದೆ. ಗಾಣದೆತ್ತಾದರೂ ಸುತ್ತು ಹಾಕುತ್ತದೆ. ಇದಕ್ಕೆ ಅದೂ ಇಲ್ಲ. ಆ ಕಾಲದ ಉರುಳೆಗಳು ಜೋರಾದ ಎಳೆತ ತಡೆಯುತ್ತಿರಲಿಲ್ಲವಾಗಿ, ಬೀದಿಯಲ್ಲಿ ಚಾಲಕರು ರಭಸದಿಂದ ಮುನ್ನುಗ್ಗಿದ ಕಡೆಗಳನ್ನೆಲ್ಲ ಪಾಠದಲ್ಲಿ ಮೆತ್ತಗೆ ಮಾಡಿಬಿಟ್ಟರು. ಯಂತ್ರದ ಅಶಕ್ತಿ ಹೀಗೆ ಅಂಕಿಯ ಸ್ವಭಾವವಾಗಿಹೋಯಿತು.

೧೯೭೩ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ಸಾಗಣೆಗೆ ತಡೆ ಹಾಕಿದವು. ಪೀಪಾಯಿಗೆ ಸುಮಾರು ಮೂರು ಡಾಲರಿದ್ದ ಬೆಲೆ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. ಹೊಗೆಯ ಚಿಂತೆಯ ಜೊತೆಗೆ ಈಗ ಮೈಲಿಯ ಚಿಂತೆಯೂ ಸೇರಿತು. ಸರ್ಕಾರದ ಕೈಯಲ್ಲಿ ಹೊಗೆಯ ಪರೀಕ್ಷೆ ಸಿದ್ಧವಾಗಿತ್ತು. ಅದನ್ನೇ ಮೈಲಿಗೂ ಹಚ್ಚಿದರು. ಹೆದ್ದಾರಿಗೆಂದು ಹತ್ತು ಮೈಲಿಯ ಇನ್ನೊಂದು ಪಾಠ ಸೇರಿತು. ಅದರ ಅತ್ಯಧಿಕ ವೇಗ ಗಂಟೆಗೆ ೬೦ ಮೈಲಿ. ಒಂದು ಸ್ವಾರಸ್ಯವೇನೆಂದರೆ, ಈ ಪರೀಕ್ಷೆಯಲ್ಲಿ ಪೆಟ್ರೋಲನ್ನು ಅಳೆಯುವುದೇ ಇಲ್ಲ. ಹೊಗೆಯನ್ನು ಚೀಲದಲ್ಲಿ ಹಿಡಿದು, ಅದರಲ್ಲಿ ಇಂಗಾಲ ಎಷ್ಟಿದೆಯೆಂದು ನೋಡಿ, ಇಷ್ಟು ಪೆಟ್ರೋಲು ಉರಿದಿರಬೇಕೆಂದು ಲೆಕ್ಕ ಹಾಕುತ್ತಾರೆ. ಶಾಸ್ತ್ರದ ದೃಷ್ಟಿಯಿಂದ ಲೆಕ್ಕ ಸರಿಯೇ.

೧೯೭೫ರ ಡಿಸೆಂಬರಿನಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಮಾಡಿದ ಕಾಯಿದೆ, ಕಂಪನಿಯೊಂದು ಮಾರುವ ಕಾರುಗಳ ಸರಾಸರಿ ಗ್ಯಾಲನ್ನಿಗೆ ೧೯೭೮ರಲ್ಲಿ ೧೮ ಮೈಲಿಯೂ ೧೯೮೫ಕ್ಕೆ ೨೭.೫ ಮೈಲಿಯೂ ಆಗಬೇಕೆಂದು ವಿಧಿಸಿತು. ಕಾರಿನ ಗಾಜಿಗೆ ಮೈಲಿಯ ಚೀಟಿ ಅಂಟಿಸುವುದೂ ಕಡ್ಡಾಯವಾಯಿತು. ಕೊಂಡವರ ಗೊಣಗಾಟ ಶುರುವಾಯಿತು: ಚೀಟಿಯ ಮೈಲಿ ಕೈಗೆ ಬರುತ್ತಿಲ್ಲ. ಕೊನೆಗೆ ೧೯೮೫ರ ಮಾದರಿಗಳಿಂದ ಪರಿಸರ ಸಂಸ್ಥೆ ಚೀಟಿಯ ಅಂಕಿಯನ್ನು ಊರೊಳಗೆ ಶೇಕಡಾ ೧೦, ಹೆದ್ದಾರಿಯಲ್ಲಿ ಶೇಕಡಾ ೨೨ ಇಳಿಸಿತು. ಆದರೆ ಕಂಪನಿಗಳ ಸರಾಸರಿಯನ್ನು ಹಳೆಯ ಅಂಕಿಯಿಂದಲೇ ಎಣಿಸುವ ಪದ್ಧತಿ ಉಳಿಯಿತು. ಒಂದೇ ಕಾರಿಗೆ ಕೊಳ್ಳುವವನ ಮುಂದೆ ಒಂದು ಮೈಲಿ, ಕಾನೂನಿನ ಮುಂದೆ ಇನ್ನೊಂದು!

ಅದೂ ಸಾಲದಾಯಿತು. ೨೦೦೮ರ ಮಾದರಿಗಳಿಂದ ವೇಗದ ಓಟ, ಹವಾನಿಯಂತ್ರಣ, ಮೈಕೊರೆಯುವ ಚಳಿ ಎಂಬ ಮೂರು ಪರೀಕ್ಷೆಗಳನ್ನು ಸೇರಿಸಿದರು. ಪೆಟ್ರೋಲಿನ ಜೊತೆ ವಿದ್ಯುತ್ ಮೋಟಾರನ್ನೂ ಹೊತ್ತ ಟೊಯೋಟ ಪ್ರಿಯಸ್ ಕಾರಿನ ಊರೊಳಗಿನ ಅಂಕಿ ೬೦ರಿಂದ ೪೮ಕ್ಕೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ೨೫ ಕಿಲೋಮೀಟರಿಗೂ ಮೇಲಿದ್ದದ್ದು ೨೦ರ ಹತ್ತಿರಕ್ಕೆ ಬಂತು. ಕಾರಿನಲ್ಲಿ ಒಂದು ತಿರುಪೂ ಬದಲಾಗಿರಲಿಲ್ಲ.

ಯೂರೋಪಿನ ಕಥೆ ಇದಕ್ಕಿಂತ ಸೋಜಿಗದ್ದು. ಅಲ್ಲಿಯ ಪಾಠ ೧೯೭೦ರದು. ೧೯೯೦ರಲ್ಲಿ ಹೆದ್ದಾರಿಯ ಭಾಗ ಕೂಡಿತು. ನಿಂತ ಕಾರು ಗಂಟೆಗೆ ೫೦ ಕಿಲೋಮೀಟರು ಮುಟ್ಟಲು ಅದರಲ್ಲಿ ೨೬ ಸೆಕೆಂಡು ಬಿಡುವು ಕೊಟ್ಟಿದ್ದರು. ಅಷ್ಟು ಸಾವಕಾಶವಾಗಿ ಹೊರಟರೆ ಹಿಂದಿನವರು ಹಾರನ್ನಿನಿಂದ ಕಿವಿ ಕಿತ್ತಾರು. ಈ ಪರೀಕ್ಷೆಯನ್ನೇ ಅತ್ಯಧಿಕ ವೇಗವನ್ನು ೯೦ಕ್ಕೆ ಇಳಿಸಿ ಭಾರತ ತನ್ನದಾಗಿಸಿಕೊಂಡಿತು; ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ಹವಾನಿಯಂತ್ರಣ ಹಾಕಿಕೊಂಡು ಕಾಯುವ ಬೆಂಗಳೂರಿಗ ಕೇಳುವ ಮೈಲೇಜಿನ ಮೂಲ ಇಲ್ಲಿದೆ. ಪರೀಕ್ಷೆಯಲ್ಲಿ ಹವಾನಿಯಂತ್ರಣ ಮುಚ್ಚಿರುತ್ತಿತ್ತು.

೨೦೦೯ರಲ್ಲಿ ಯೂರೋಪು ಹೊಸ ಕಾರುಗಳ ಸರಾಸರಿ ಇಂಗಾಲದ ಡೈ ಆಕ್ಸೈಡನ್ನು ೨೦೧೫ಕ್ಕೆ ಕಿಲೋಮೀಟರಿಗೆ ೧೩೦ ಗ್ರಾಮಿಗೆ ಇಳಿಸಬೇಕೆಂದು ಕಾನೂನು ಮಾಡಿತು. ಹಲವು ದೇಶಗಳಲ್ಲಿ ಕಾರಿನ ತೆರಿಗೆಯೂ ಈ ಅಂಕಿಗೆ ತಗುಲಿಕೊಂಡಿತು. ಉರುಳೆಯ ಮೇಲೆ ಉಳಿಸಿದ ಒಂದೊಂದು ಗ್ರಾಮೂ ಹಣವಾಯಿತು. ಉರುಳೆ ಎಷ್ಟು ಬಿಗಿಯಾಗಿರಬೇಕೆಂಬುದನ್ನು ಮೊದಲು ಹೊರಗೆ ಅಳೆಯುತ್ತಾರೆ. ಕಾರನ್ನು ವೇಗಕ್ಕೆ ತಂದು, ಗೇರು ಬಿಡಿಸಿ, ತಾನಾಗಿ ನಿಧಾನವಾಗಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುತ್ತಾರೆ. ಟೈರಿಗೆ ಗಾಳಿ ಬಿಗಿಯಾಗಿ ತುಂಬುವುದು, ಬಾಗಿಲ ಸಂದುಗಳಿಗೆ ಪಟ್ಟಿ ಅಂಟಿಸುವುದು, ನುಣುಪಾದ ಹಾದಿ ಹುಡುಕುವುದು ಮುಂತಾದ ಚಮತ್ಕಾರಗಳೆಲ್ಲ ಅಲ್ಲಿ ನಡೆಯುತ್ತಿದ್ದವು. ನಿಯಮದಲ್ಲಿ ಸಡಿಲವೂ ಇತ್ತು. ಪರೀಕ್ಷೆಯ ಸುಮಾರು ಕಾಲು ಭಾಗ ಕಾರು ನಿಂತೇ ಇರುವುದರಿಂದ, ನಿಂತಾಗ ಎಂಜಿನ್ನು ಆರಿಸುವ ಸಾಧನ ಇಟ್ಟರೆ ಅಂಕಿ ಥಟ್ಟನೆ ಚೆಲುವಾಗುತ್ತಿತ್ತು. ಸಣ್ಣ ಟರ್ಬೋ ಎಂಜಿನ್ನುಗಳದೂ ಇದೇ ಹಾಡು: ಮೆಲ್ಲನೆ ಹೋದರೆ ಮಿತಾಹಾರಿ, ಮನೆಮಂದಿಯನ್ನು ಹೇರಿಕೊಂಡು ದಿಣ್ಣೆ ಹತ್ತಿದರೆ ಬಕಾಸುರ.

ಇದನ್ನು ಬಯಲಿಗೆ ತಂದದ್ದರಲ್ಲಿ ಸಾಮಾನ್ಯ ಚಾಲಕರ ಪಾತ್ರ ದೊಡ್ಡದು. ೨೦೦೧ರಿಂದ ಜರ್ಮನಿಯಲ್ಲಿ ಸಾವಿರಾರು ಜನ ತಾವು ತುಂಬಿಸಿದ ಪೆಟ್ರೋಲು, ಓಡಿಸಿದ ದೂರ ಎರಡನ್ನೂ ಅಂತರ್ಜಾಲದ ಸಾರ್ವಜನಿಕ ಲೆಕ್ಕವೊಂದರಲ್ಲಿ ಬರೆಯುತ್ತ ಬಂದರು. ದಿನಸಿ ಪುಸ್ತಕದ ರೀತಿ. ಇಂಥ ಲೆಕ್ಕಗಳನ್ನು ಸೇರಿಸಿ ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಮಂಡಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಕಾಗದಕ್ಕೂ ರಸ್ತೆಗೂ ಇದ್ದ ಅಂತರ ೨೦೦೧ರಲ್ಲಿ ಶೇಕಡಾ ೯ರಷ್ಟು, ೨೦೧೫ರಲ್ಲಿ ಶೇಕಡಾ ೪೨. ಜನರ ಕಾಲು ಹದಿನಾಲ್ಕು ವರ್ಷದಲ್ಲಿ ಅಷ್ಟು ಭಾರವಾಯಿತೆಂದು ಯಾರೂ ಹೇಳಲಾರರು. ಕಾರುಗಳು ಪಾಠವನ್ನು ಬಾಯಿಪಾಠ ಮಾಡಿದ್ದವು. ಉಳಿಯಿತೆಂದು ಸರ್ಕಾರಗಳು ಲೆಕ್ಕ ಬರೆದ ಎಣ್ಣೆಯ ದೊಡ್ಡ ಪಾಲು ಉರಿದೇಹೋಗಿತ್ತು. ಅದರ ಬೆಲೆ ತೆತ್ತವನು ಬಂಕಿನ ಮುಂದೆ ನಿಂತವನು.

ಅಮೆರಿಕದಲ್ಲಿಯೂ ೨೦೧೨ರ ನವೆಂಬರಿನಲ್ಲಿ ಹ್ಯೂಂಡೈ ಮತ್ತು ಕಿಯಾ ಕಂಪನಿಗಳು ಸುಮಾರು ಒಂಬತ್ತು ಲಕ್ಷ ಕಾರುಗಳ ಚೀಟಿಯಲ್ಲಿ ಮೈಲಿ ಹೆಚ್ಚಾಗಿ ಬರೆದಿದೆಯೆಂದು ಒಪ್ಪಿಕೊಂಡವು. ಹಿಂಗಾಳಿ ಅನುಕೂಲವಾದ ಓಟಗಳನ್ನು ಆರಿಸಿಕೊಂಡದ್ದೂ ಕಾರಣಗಳಲ್ಲಿ ಒಂದೆಂದು ಪರಿಸರ ಸಂಸ್ಥೆ ಹೇಳಿತು. ೨೦೧೪ರಲ್ಲಿ ಅವು ಹತ್ತು ಕೋಟಿ ಡಾಲರು ದಂಡ ತೆರಲು ಒಪ್ಪಿದವು. ಈ ದೋಷ ಹೊರಬೀಳುವುದಕ್ಕೂ ಮಾಲೀಕರ ದೂರುಗಳು ಸಹಾಯವಾದವು.

ಯೂರೋಪು ೨೦೧೭ರ ಸೆಪ್ಟೆಂಬರಿನಿಂದ ಹೊಸ ಪಾಠ ತಂದಿತು: ಅರ್ಧ ಗಂಟೆ, ೨೩ ಕಿಲೋಮೀಟರು, ಗಂಟೆಗೆ ೧೩೧ ಕಿಲೋಮೀಟರಿನವರೆಗೆ ವೇಗ. ಉರುಳೆ ಮಾತ್ರ ಉರುಳೆಯೇ. ಆದ್ದರಿಂದ ೨೦೨೧ರಿಂದ ಅಲ್ಲಿ ಮಾರುವ ಪ್ರತಿ ಹೊಸ ಕಾರಿನೊಳಗೂ ಉರಿದ ಪೆಟ್ರೋಲನ್ನು ತಾನೇ ಬರೆದಿಡುವ ಲೆಕ್ಕಿಗನನ್ನು ಕೂರಿಸಿದರು. ಆ ವರ್ಷದ ಆರು ಲಕ್ಷಕ್ಕೂ ಹೆಚ್ಚು ವಾಹನಗಳ ಲೆಕ್ಕ ೨೦೨೪ರ ಮಾರ್ಚಿಯಲ್ಲಿ ಪ್ರಕಟವಾಯಿತು. ಹೊಸ ಪರೀಕ್ಷೆಯ ಅಂಕಿಗಿಂತ ಪೆಟ್ರೋಲು ಕಾರುಗಳು ರಸ್ತೆಯಲ್ಲಿ ಕುಡಿದದ್ದು ಶೇಕಡಾ ೨೪ರಷ್ಟು ಹೆಚ್ಚು.