ನಮ್ಮೂರಿನ ಕಾಗದಗಳನ್ನು ಓದುವವರು ಯಾರು?

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿವೆ. ಬೀದರ್, ಕಲಬುರಗಿಯವರಿಗೆ ಊರಿನ ದಾರಿ ಅಂದ್ರೆ ಅದೇ ಮುಂಬಯಿ ಹೆದ್ದಾರಿ: ಪಟಾನ್‌ಚೆರು, ಜಹೀರಾಬಾದ್, ಆಮೇಲೆ ಹುಮನಾಬಾದ್. ನೀವೂ ಅಂಥ ಮನೆಯವರಾಗಿದ್ದರೆ ಒಂದು ಮಾತು ಕೇಳಿ. ಊರು ಆ ಕಡೆ ಇದೆ, ನಿಜ. ಆದರೆ ಊರಿನ ಚರಿತ್ರೆಯ ದೊಡ್ಡ ಪಾಲು ನೀವಿರುವ ಈ ನಗರದಲ್ಲೇ ಇದೆ. ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ರೈಲು ಬದಲಾಯಿಸಿ, ತಾರ್ನಾಕದಲ್ಲಿ ಇಳಿಯಿರಿ. ಅಲ್ಲಿ ತೆಲಂಗಾಣ ರಾಜ್ಯ ಪತ್ರಾಗಾರವಿದೆ.

ನಮ್ಮ ಊರಿನ ಕಾಗದ ಅಲ್ಲಿ ಯಾಕೆ ಅಂತ ಕೇಳಬಹುದು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೊದಲು ಅವು ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ಆಡಳಿತ ಎಲ್ಲಿತ್ತೋ ದಫ್ತರವೂ ಅಲ್ಲೇ ಇತ್ತು. ಜಾಗೀರು, ಇನಾಮು, ಕಂದಾಯ, ನೇಮಕಾತಿ, ದೂರು, ಫೈಸಲ ಎಲ್ಲವೂ ಹೈದರಾಬಾದಿಗೆ ಬಂದು ಕಡತವಾಗುತ್ತಿದ್ದವು. ಅದಕ್ಕೂ ಹಿಂದಿನ ಒಂದು ರಾಶಿ ಅಲ್ಲಿದೆ. ಷಾಜಹಾನ್ ಮತ್ತು ಔರಂಗಜೇಬನ ಕಾಲದ ದಖ್ಖನ್ ಆಡಳಿತದ ಕಾಗದಗಳು, 1.5 ಲಕ್ಷಕ್ಕೂ ಹೆಚ್ಚು. ಅವು ಔರಂಗಾಬಾದಿನಲ್ಲಿ ಇದ್ದವು, ನಿಜಾಮ್ ಸರ್ಕಾರ ಅವನ್ನು ಹೈದರಾಬಾದಿಗೆ ತರಿಸಿಕೊಂಡಿತು.

ಆ ಕಾಗದಗಳಲ್ಲಿ ಬರೀ ಬಾದಶಹನ ಫರ್ಮಾನು ಇರುತ್ತದೆ ಅಂದುಕೊಳ್ಳಬೇಡಿ. ‘ಅರ್ಜ್-ಒ-ಚೆಹ್ರಾ’ ಎಂಬ ಒಂದು ಬಗೆಯಿದೆ. ಅದು ಸಾಮಾನ್ಯ ಸವಾರನ ಗುರುತಿನ ಚೀಟಿ. ಅವನ ಹೆಸರು, ತಂದೆಯ ಹೆಸರು, ಮುಖದ ಮೇಲಿನ ಮಚ್ಚೆ ಅಥವಾ ಗಾಯದ ಗುರುತು, ಅವನ ಕುದುರೆಯ ಬಣ್ಣ, ಅದಕ್ಕೆ ಹಾಕಿದ ಮುದ್ರೆ ಎಲ್ಲ ಅದರಲ್ಲಿ ಬರೆದಿರುತ್ತದೆ. ಒಬ್ಬನ ಕುದುರೆಯನ್ನು ಇನ್ನೊಬ್ಬ ತೋರಿಸಿ ಸಂಬಳ ಹೊಡೆಯಬಾರದು ಅನ್ನೋದಕ್ಕೆ ಮಾಡಿದ ವ್ಯವಸ್ಥೆ. ಯಾವ ಚರಿತ್ರೆ ಪುಸ್ತಕದಲ್ಲೂ ಹೆಸರಿಲ್ಲದ ಮನುಷ್ಯ ಅಲ್ಲಿ ಮುಖಸಮೇತ ನಿಂತಿರುತ್ತಾನೆ.

ತೊಡಕು ಇರುವುದು ಓದುವುದರಲ್ಲಿ. ಭಾಷೆ ಪರ್ಷಿಯನ್, ಆಮೇಲೆ ಉರ್ದು. ಬರಹ ‘ಶಿಕಸ್ತಾ’, ಅಂದರೆ ಅಕ್ಷರಗಳನ್ನು ಮುರಿದು ಒಂದಕ್ಕೊಂದು ಕಟ್ಟಿ ಓಡಿಸಿದ ಕೈಬರಹ. ಲೆಕ್ಕ ‘ಸಿಯಾಖ್’ ಗುರುತುಗಳಲ್ಲಿ. ಅವು ಅಂಕಿಗಳಲ್ಲ, ಸಂಖ್ಯೆಯ ಅರಬ್ಬಿ ಹೆಸರನ್ನೇ ಮೊಟಕು ಮಾಡಿದ ಚಿಹ್ನೆಗಳು. ಮರಾಠಿ ಲೆಕ್ಕಪತ್ರವಾದರೆ ಮೋಡಿ ಲಿಪಿ. ಇಷ್ಟನ್ನೂ ಕಲಿತವರು ಇವತ್ತು ಎಷ್ಟು ಜನ ಸಿಗುತ್ತಾರೆ, ನೀವೇ ಹೇಳಿ.

ಇಂಥದ್ದೇ ಪಾಡು ಪಟ್ಟು ದಾರಿ ಕಂಡುಕೊಂಡ ಒಂದು ದೇಶವಿದೆ, ಹಂಗೇರಿ. 1526ರ ಮೊಹಾಚ್ ಕದನದಲ್ಲಿ ಅವರ ದೊರೆ ಸತ್ತ. 1541ರಿಂದ 1686ರವರೆಗೆ ರಾಜಧಾನಿ ಬುಡಾ ಉಸ್ಮಾನಿ ತುರ್ಕರ ಕೈಯಲ್ಲಿತ್ತು. (ಬುಡಾ ತುರ್ಕರ ಕೈತಪ್ಪಿದ್ದು ಮತ್ತು ಬಿಜಾಪುರ ಔರಂಗಜೇಬನಿಗೆ ಶರಣಾದದ್ದು ಎರಡೂ 1686ರ ಸೆಪ್ಟೆಂಬರಿನಲ್ಲೇ.) ಹಂಗೇರಿಯವರ ಮನಸ್ಸಿನಲ್ಲಿ ಅದು ನೋವಿನ ಕಾಲ. ಆದರೆ ಆ ಕಾಲದ ಹಳ್ಳಿ, ಮನೆ, ಬೆಳೆ, ತೆರಿಗೆ ಎಲ್ಲ ದಾಖಲಾಗಿರುವುದು ತುರ್ಕರ ‘ದೆಫ್ತರ್’ಗಳಲ್ಲಿ. ಆ ಪದವೇ ನಮ್ಮ ದಫ್ತರ. ಗೆದ್ದವರ ಭಾಷೆ ನಮಗೇಕೆ ಅಂತ ಅಲ್ಲಿಯ ಚರಿತ್ರೆಕಾರರು ಕೈಬಿಡಲಿಲ್ಲ. ಲಾಯೋಷ್ ಫೆಕೆತೆ ಎಂಬ ವಿದ್ವಾಂಸ ಮೊದಲ ಮಹಾಯುದ್ಧದಲ್ಲಿ ರಷ್ಯದ ಸೆರೆಯಲ್ಲಿದ್ದಾಗ ತುರ್ಕಿ ಭಾಷೆ ಕಲಿತ. ಮುಂದೆ ಬುಡಾಪೆಸ್ಟಿನಲ್ಲಿ ಕೂತು ಉಸ್ಮಾನಿ ಲೆಕ್ಕಪತ್ರಗಳನ್ನು ಓದಿದ. 1955ರಲ್ಲಿ ಅವನು ಪ್ರಕಟಿಸಿದ ದೊಡ್ಡ ಗ್ರಂಥ ಯಾವುದರ ಮೇಲೆ ಗೊತ್ತೇ? ಇದೇ ಸಿಯಾಖ್ ಬರಹದ ಮೇಲೆ. ಬುಡಾದ ಗುಮಾಸ್ತನೂ ದಖ್ಖನಿನ ಗುಮಾಸ್ತನೂ ಲೆಕ್ಕ ಬರೆದದ್ದು ಒಂದೇ ಮನೆತನದ ಗುರುತುಗಳಲ್ಲಿ. ಹಂಗೇರಿಯವರು ಕೂತು ಕಲಿತರು. ನಾವು?

ಓದಲು ಬಂದರೆ ಸಾಲದು, ಕೇಳಲೂ ಬರಬೇಕು. ಮೂಲ ದಾಖಲೆ ಅಂದರೆ ಸಾಕ್ಷಿ. ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ಹಾಗೆ ಕೇಳಬೇಕು: ನೀನು ಯಾವಾಗ ಬರೆದೆ? ಕಣ್ಣಾರೆ ಕಂಡೆಯಾ? ಯಾರ ಅನ್ನ ಉಂಡು ಬರೆದೆ? ಒಂದು ಉದಾಹರಣೆ ನೋಡಿ. ಗುಲ್ಬರ್ಗದಲ್ಲಿ 1347ರಲ್ಲಿ ರಾಜ್ಯ ಕಟ್ಟಿದ ಹಸನ್, ಗಂಗು ಎಂಬ ಬ್ರಾಹ್ಮಣನ ಸೇವಕನಾಗಿದ್ದ, ಅವನ ಋಣಕ್ಕೆ ‘ಬಹಮನಿ’ ಎಂಬ ಹೆಸರಿಟ್ಟುಕೊಂಡ ಎಂಬ ಕತೆ ನಮ್ಮೆಲ್ಲರಿಗೂ ಗೊತ್ತು. ಅದು ಫಿರಿಶ್ತಾನ ಗ್ರಂಥದಿಂದ ಹರಡಿದ್ದು. ಫಿರಿಶ್ತಾ ಬರೆದದ್ದು ಬಿಜಾಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, ಘಟನೆಯಾಗಿ ಸುಮಾರು 250 ವರ್ಷದ ನಂತರ. ಹಸನ್ ತಾನೇ ಟಂಕಿಸಿದ ನಾಣ್ಯದಲ್ಲಿ ಇರುವುದು ಅಲಾವುದ್ದೀನ್ ಬಹಮನ್ ಷಾ ಎಂಬ ಬಿರುದು. ಬಹಮನ್ ಎಂಬುದು ಇರಾನಿನ ಪುರಾಣದ ದೊರೆಯ ಹೆಸರು. ಉಸ್ಮಾನಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಹಾರೂನ್ ಖಾನ್ ಶೇರ್ವಾನಿಯವರು ಗಂಗು ಕತೆಯನ್ನು ಒಪ್ಪಲಿಲ್ಲ. ಕತೆ ಚೆಂದವಿದೆ, ಸೌಹಾರ್ದದ ಭಾಷಣಕ್ಕೂ ಒದಗುತ್ತದೆ. ಆದರೂ ಆ ಕಾಲದ ನಾಣ್ಯದ ಮುಂದೆ ಅದು ನಿಲ್ಲುವುದಿಲ್ಲ. ನಮಗೆ ಇಷ್ಟವಾದ ಸಾಕ್ಷಿಯನ್ನೇ ಮೊದಲು ಪರೀಕ್ಷೆ ಮಾಡಬೇಕು.

ಪರೀಕ್ಷೆಯಲ್ಲಿ ನಿಲ್ಲುವ ಸಾಕ್ಷಿಗಳೂ ನಮ್ಮ ನೆಲದಲ್ಲಿವೆ. ಬಸವಕಲ್ಯಾಣದಲ್ಲಿ 1326ರ ಒಂದು ಸಂಸ್ಕೃತ ಶಾಸನ ಸಿಕ್ಕಿದೆ, ಪಿ.ಬಿ. ದೇಸಾಯಿಯವರು ಅದನ್ನು ಪ್ರಕಟಿಸಿದ್ದಾರೆ. ಮುಹಮ್ಮದ್ ಬಿನ್ ತುಘಲಕನ ಕಾಲ. ಸ್ಥಳೀಯ ಗಲಭೆಯಲ್ಲಿ ಅಲ್ಲಿನ ಶಿವಾಲಯದ ಪೂಜೆ ನಿಂತುಹೋಗಿತ್ತು. ಸುಲ್ತಾನನ ಅಧಿಕಾರಿಗಳು ದೇವಾಲಯವನ್ನು ಸರಿಪಡಿಸಿ ಪೂಜೆ ಮತ್ತೆ ನಡೆಯುವಂತೆ ಮಾಡಿದರು ಎಂದು ಆ ಕಲ್ಲು ಹೇಳುತ್ತದೆ. ಘಟನೆಯ ಕಾಲದ್ದೇ ಬರಹ, ಊರಿನಲ್ಲೇ ಇರುವ ಕಲ್ಲು. ಹಾಗಂತ ಅದೊಂದನ್ನೇ ಹಿಡಿದು ಎಲ್ಲ ಸುಲ್ತಾನರೂ ಎಲ್ಲ ಕಡೆಯೂ ಹೀಗೇ ಇದ್ದರು ಅನ್ನಬಾರದು. ಗುಡಿ ಕೆಡವಿದ ದಾಖಲೆಯೊಂದನ್ನು ಹಿಡಿದು ಎಲ್ಲರೂ ಕೆಡವಿದರು ಅನ್ನುವವರು ಮಾಡುವ ತಪ್ಪೂ ಇದೇ ಅಲ್ವಾ? ಕಲ್ಲು ಎಷ್ಟು ಹೇಳುತ್ತದೋ ಅಷ್ಟನ್ನೇ ಹೇಳಿ.

ಈ ಶಿಸ್ತು ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು 1948ರ ವಿಷಯದಲ್ಲಿ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಏನಾಯಿತು ಎಂಬುದು ಬೀದರ್, ಕಲಬುರಗಿ ಕಡೆಯ ಅನೇಕ ಮನೆಗಳಲ್ಲಿ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದುಬಂತು. ಅದಕ್ಕೆ ಕಾಗದದ ಸಾಕ್ಷಿಯೂ ಇದೆ. ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರ ಸಮಿತಿ ಅದೇ ವರ್ಷದ ನವೆಂಬರ್-ಡಿಸೆಂಬರಿನಲ್ಲಿ ಭಾರತ ಸರ್ಕಾರದ ಪರವಾಗಿ ಸಂಸ್ಥಾನ ಸುತ್ತಿತು. 16 ಜಿಲ್ಲೆಗಳಲ್ಲಿ 9ಕ್ಕೆ ಹೋಯಿತು. ತಾನು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಎರಡೂ ಸೇರಿದ್ದವು. ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದಶಕಗಳ ನಂತರ ಅದು ಸಂಶೋಧಕರ ಕೈಗೆ ಸಿಕ್ಕಿತು.

ಇಲ್ಲೂ ಪ್ರಶ್ನೆ ಬಿಡಬಾರದು. 27,000ದಿಂದ 40,000 ಎಂಬುದು ಅಂದಾಜು, ತಲೆ ಎಣಿಸಿದ ಲೆಕ್ಕವಲ್ಲ. ಹಾಗೆಯೇ ಅದಕ್ಕೆ ಮೊದಲು ರಜಾಕಾರರು ಮಾಡಿದ್ದನ್ನೂ ಓದಬೇಕು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯೆಯನ್ನು ಮರೆತು ಸೆಪ್ಟೆಂಬರಿನ ಮಾತು ಆಡಿದರೆ ನಮ್ಮ ಮಾತಿಗೆ ತೂಕವಿರುವುದಿಲ್ಲ. ಗೋರಟಾದ ಮಾತು ಆಡಿ ಸೆಪ್ಟೆಂಬರಿನ ನಂತರದ್ದನ್ನು ನುಂಗಿದರೂ ಅಷ್ಟೇ. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ: ಪ್ರಾಣದ ಹಂಗು ತೊರೆದು ಮುಸ್ಲಿಮರನ್ನು ಕಾಪಾಡಿದ ಹಿಂದೂಗಳನ್ನು, ಅದರಲ್ಲೂ ಜೊತೆಯ ಮುಸ್ಲಿಂ ನೇಕಾರರನ್ನು ರಕ್ಷಿಸಿದ ನೇಕಾರರನ್ನು ಸಮಿತಿ ನೆನೆದಿದೆ. ವರದಿಯ ಅಂಕಿ ಮಾತ್ರ ವಾಟ್ಸಾಪಿನಲ್ಲಿ ಓಡಾಡುತ್ತದೆ, ಈ ಸಾಲು ಓಡಾಡುವುದಿಲ್ಲ. ಪೂರ್ತಿ ಓದುವವರಿಗೆ ಮಾತ್ರ ಎರಡೂ ಸಿಗುತ್ತವೆ.

ಹಾಗಾದರೆ ನೀವು ಎಲ್ಲಿಂದ ಶುರು ಮಾಡಬೇಕು? ಮನೆಯ ಟ್ರಂಕಿನಿಂದ. ಹಳೆಯ ಸನದು, ನಿಕಾಹ್‌ನಾಮೆ, ಜಮೀನಿನ ಪಹಣಿ, ತಾತನ ಶಾಲೆಯ ಉರ್ದು ಸರ್ಟಿಫಿಕೇಟು, ಏನಿದ್ದರೂ ಅದು ಮೂಲ ದಾಖಲೆಯೇ. ಲ್ಯಾಮಿನೇಟ್ ಮಾಡಿಸಬೇಡಿ, ಕಾಗದ ಹಾಳಾಗುತ್ತದೆ. ಮಡಿಕೆ ಬಿಡಿಸಿ, ಹಿಂದೆ ಮುಂದೆ ಎರಡೂ ಕಡೆ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಯಾರ ಮನೆಯದು, ಯಾರು ಕೊಟ್ಟರು ಎಂಬುದನ್ನು ಬೇರೆ ಚೀಟಿಯಲ್ಲಿ ಬರೆದಿಡಿ. ತಾರೀಖು ನೋಡುವಾಗ ಜೋಪಾನ. 1337 ಎಂದಿದ್ದು ಅದು ಹಿಜರಿಯಾದರೆ 1918-19. ಸಂಸ್ಥಾನದ ಫಸ್ಲಿ ವರ್ಷವಾದರೆ 590 ಕೂಡಿಸಿ, 1927-28. ಇದನ್ನು ತಪ್ಪಿದರೆ ಮಗನ ಕಾಗದ ಅಪ್ಪನ ಹೆಸರಿಗೆ ಹೋಗುತ್ತದೆ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಷಾಜಹಾನನ ಕಾಲದ ಆಯ್ದ ದಾಖಲೆಗಳು 1950ರಲ್ಲಿ, ಔರಂಗಜೇಬನ ಕಾಲದವು 1958ರಲ್ಲಿ ಹೈದರಾಬಾದಿನಿಂದ ಪುಸ್ತಕವಾಗಿ ಬಂದಿವೆ. ಮೊದಲು ಅವನ್ನು ಲೈಬ್ರರಿಯಲ್ಲಿ ಹುಡುಕಿ ನೋಡಿ. ಆಮೇಲೆ ಕಾಲೇಜಿನ ಪತ್ರ ಹಿಡಿದು ತಾರ್ನಾಕಕ್ಕೆ ಹೋಗಿ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಉರ್ದು ಓದುವ ದೊಡ್ಡವರು ಇನ್ನೂ ಇದ್ದಾರೆ. ಅರ್ಜಿ, ರುಜು, ವಸೂಲಿ, ಬಾಕಿ, ತಹಸೀಲು, ಜಮಾಬಂದಿ ಈ ಪದಗಳು ನಮ್ಮ ಕನ್ನಡದಲ್ಲೇ ಇವೆ, ಆದ್ದರಿಂದ ಅರ್ಧ ದಾರಿ ಈಗಾಗಲೇ ಸವೆದಿದೆ. ಕನ್ನಡವೂ ಉರ್ದುವೂ ಬಲ್ಲವರು ಒಂದು ಪರ್ಷಿಯನ್ ತರಗತಿಗೆ ಸೇರಿಕೊಂಡರೆ ಕಲ್ಯಾಣ ಕರ್ನಾಟಕದ 300 ವರ್ಷದ ಕಾಗದ ತೆರೆದುಕೊಳ್ಳುತ್ತದೆ. ಆ ದೊಡ್ಡವರು ಇರುವಾಗಲೇ ಅವರ ಪಕ್ಕ ಕೂತು ಮೊದಲ ಕಾಗದವನ್ನು ಓದಿಸಿಕೊಳ್ಳಿ. ನಾವು ಓದದೆ ಬಿಟ್ಟರೆ ನಮ್ಮೂರಿನ ಬಗ್ಗೆ ಯಾರು ಏನು ಹೇಳಿದರೂ ತಲೆಯಾಡಿಸುವುದೊಂದೇ ನಮಗೆ ಉಳಿಯುವ ಕೆಲಸ.