ಹಗೇವಿನ ರಾಗಿ, ಅಕ್ಕಡಿ ಸಾಲಿನ ಅವರೆ

ಮಂಡ್ಯ, ಮದ್ದೂರು, ಮಳವಳ್ಳಿ ಎಂದರೆ ಈಗ ಕಬ್ಬು, ಭತ್ತ ಅಂತಾರೆ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗುವ ಮುಂಚೆ ಇದು ಬಹುಪಾಲು ಮಳೆ ನಂಬಿದ ರಾಗಿ ಸೀಮೆ. ಹಿರೀಕರು ರಾಗಿ ಹೊಲದಲ್ಲೇ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ದನಕ್ಕೆ ಹುಲ್ಲು ಎಲ್ಲಾ ಒಂದೇ ಹೊಲದಿಂದ. ಹಗೇವಿಗೆ ತುಂಬಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲಕ್ಕೆ ಅದೇ ಬ್ಯಾಂಕು.

ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಒಂದು ಬೇಯಿಸಿದ್ದರಲ್ಲಿ ಎರಡು ಅಡಿಗೆ. ಬಸ್ಸಾರು ಕಂಡುಹಿಡಿದ ಹೆಣ್ಣುಮಗಳಿಗೆ ಯಾರೂ ಹಾರ ಹಾಕಲಿಲ್ಲ ಬಿಡಿ!

ನಾಲೆ ನೀರು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯೂ ಆಯಿತು. ಕೈಗೆ ಕಾಸು ಬಂತು, ಕಾಳು ಮಾತ್ರ ಅಂಗಡಿ ಪಾಲಾಯಿತು. ರಾಗಿ ಉಳಿದಿದ್ದರೆ ಅದರಲ್ಲಿ ವಿ.ಸಿ. ಫಾರಂನ 'ರಾಗಿ ಬ್ರಹ್ಮ' ಲಕ್ಷ್ಮಣಯ್ಯನವರ ಪಾಲು ದೊಡ್ಡದು. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಹೆಚ್ಚು ಇಳುವರಿಯ ಇಂಡಾಫ್ ತಳಿಗಳನ್ನು ಕೊಟ್ಟವರು ಅವರು. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದ್ದು 2023ರಲ್ಲಿ!

ಕಾಸು ಕೈಕೊಟ್ಟ ತಿಂಗಳಲ್ಲೂ ಕಿರಾಣಿ ಅಂಗಡಿಯಲ್ಲಿ ಸಾಲ ಬರೆಸದೆ ಇರುವವು ಬದುವಿನಲ್ಲಾದರೂ ನಾಲ್ಕು ಸಾಲು ಕಾಳು ಬೆಳೆದ ಮನೆಗಳೇ. ಸಂಘದ ಬೀಜದ ಪಟ್ಟಿಯಲ್ಲಿ ಭತ್ತದ ಜೊತೆ ಅವರೆ, ಹುರುಳಿಯೂ ಇರಲಿ ಎಂದು ಆಡಳಿತ ಮಂಡಳಿಯನ್ನು ಕೇಳಿದ್ದೇನೆ.